ಊರು ಬಿಟ್ಟು ಬಂದವರ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ತಾಲ್ಲೂಕು ಪೇಟೆಗಳಿಂದ ಬೆಂಗಳೂರಿಗೆ ಬಂದು ನೆಲೆಸಿದವರವು. ಒಂದೇ ಅರ್ಥದ ಪತ್ರಗಳನ್ನು ಸೇರಿಸಿ ಆರು ಪ್ರಶ್ನೆಗಳಿಗೆ ಇಳಿಸಿದ್ದೇವೆ.

ಪ್ರಶ್ನೆ: ತಿಪಟೂರಿನಿಂದ ಬಂದು ಮೂರು ವರ್ಷವಾಯಿತು. ಊರಲ್ಲಿ ಹತ್ತು ನಿಮಿಷದ ಪೇಟೆ ಬೀದಿ ದಾಟಲು ಒಂದು ಗಂಟೆ ಬೇಕಿತ್ತು, ಮಾತಾಡಿಸುವವರೇ ಅಷ್ಟು ಜನ. ಇಲ್ಲಿ ಎದುರುಮನೆಯವರ ಹೆಸರೂ ಗೊತ್ತಿಲ್ಲ. ತಪ್ಪು ನನ್ನದೋ, ಈ ಊರಿನದೋ?
– ವಿಜಯನಗರದ ಓದುಗರು

ಉತ್ತರ: ಇಬ್ಬರದೂ ಅಲ್ಲ. ಇದು ತಲೆ ಎಣಿಕೆಯ ವಿಷಯ. ತಿಪಟೂರಿನಂಥ ಊರಲ್ಲಿ ಒಬ್ಬರೇ ನಿಮಗೆ ನಾಲ್ಕು ಕಡೆ ಎದುರಾಗುತ್ತಾರೆ. ಕೊಬ್ಬರಿ ಮಂಡಿಯ ಗುಮಾಸ್ತರೇ ಗಣಪತಿ ಸಮಿತಿಯ ಖಜಾಂಚಿ, ಅವರ ಹೆಂಡತಿ ನಿಮ್ಮ ತಂಗಿಗೆ ಟೀಚರು, ಅವರ ಮನೆ ನಿಮ್ಮ ಅತ್ತೆಯ ಬೀದಿಯಲ್ಲಿ. ಬೆಂಗಳೂರಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಮುಖ, ಆ ಮುಖಗಳು ಒಂದನ್ನೊಂದು ನೋಡಿರುವುದೂ ಇಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ಕರ್ ಕ್ಯಾನ್ಸಸ್ ರಾಜ್ಯದ ಆಸ್ಕಲೂಸಾ ಎಂಬ ಪುಟ್ಟ ಊರಿನಲ್ಲಿ 1947ರಲ್ಲಿ ಅಧ್ಯಯನ ಕೇಂದ್ರ ತೆರೆದು, ಕಾಲು ಶತಮಾನ ಅದನ್ನು ನಡೆಸಿದರು. ಅವರ ವಾದ ಸರಳ: ಊರು ಚಿಕ್ಕದಾದರೆ ಜನ ಕಡಿಮೆಯಾಗುತ್ತಾರೆ, ಆದರೆ ಊರು ನಡೆಯಲು ಬೇಕಾದ ಕೆಲಸಗಳು ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ಹಾಗಾಗಿ ಒಬ್ಬೊಬ್ಬರ ಹೆಗಲಿಗೂ ಎರಡು ಮೂರು ಹೊಣೆ ಬೀಳುತ್ತದೆ. ದೊಡ್ಡ ಶಾಲೆ, ಚಿಕ್ಕ ಶಾಲೆಗಳನ್ನು ಹೋಲಿಸಿ ಅವರೂ ಪಾಲ್ ಗಂಪ್ ಅವರೂ 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು. ದೊಡ್ಡ ಶಾಲೆಯಲ್ಲಿ ಚಟುವಟಿಕೆ ಜಾಸ್ತಿ, ಆದರೆ ಮುಂದೆ ನಿಂತು ಹೊಣೆ ಹೊರುವ ಮಕ್ಕಳ ಪಾಲು ಚಿಕ್ಕ ಶಾಲೆಯಲ್ಲಿ ಜಾಸ್ತಿ. ನಮ್ಮ ತಾಲ್ಲೂಕು ಹೈಸ್ಕೂಲುಗಳ ವಾರ್ಷಿಕೋತ್ಸವ ನೆನೆಯಿರಿ: ನಾಟಕದಲ್ಲಿ ಮಂತ್ರಿಯಾದ ಹುಡುಗನೇ ಪರದೆ ಎಳೆಯಬೇಕು, ಮೈಕ್ ಸೆಟ್ಟಿನವರಿಗೆ ಊಟವನ್ನೂ ತಂದುಕೊಡಬೇಕು.

ಆದ್ದರಿಂದ ಬೆಂಗಳೂರಿನಲ್ಲಿ ಪರಿಚಯ ಬೇಕಿದ್ದರೆ ಜನ ಸೇರುವ ಜಾಗ ಹುಡುಕಬೇಡಿ, ಕೈ ಸಾಲದ ಜಾಗ ಹುಡುಕಿ. ಮುನ್ನೂರು ಫ್ಲ್ಯಾಟುಗಳ ಸಮುಚ್ಚಯದ ರಾಜ್ಯೋತ್ಸವಕ್ಕೆ ನೀವು ಹೋದರೂ ಒಂದೇ, ಬಿಟ್ಟರೂ ಒಂದೇ. ಇಪ್ಪತ್ತು ಮನೆಯ ಅಡ್ಡರಸ್ತೆಯ ಗಣಪತಿಗೆ ಚಂದಾ ಪುಸ್ತಕ ಹಿಡಿದು ಹೊರಡುವವರು ಯಾರೂ ಇರುವುದಿಲ್ಲ. ಆ ಪುಸ್ತಕ ಕೇಳಿ ಪಡೆಯಿರಿ. ಎರಡು ಸಂಜೆಯಲ್ಲಿ ಇಪ್ಪತ್ತು ಬಾಗಿಲೂ ತೆರೆದಿರುತ್ತವೆ.

ಇನ್ನು ಸಮಯದ ಲೆಕ್ಕ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ 2018ರ ಅಧ್ಯಯನದ ಪ್ರಕಾರ ಬರೀ ಪರಿಚಯ ಸಲಿಗೆಯ ಗೆಳೆತನವಾಗಲು ಸುಮಾರು 50 ಗಂಟೆ, ಆಪ್ತ ಸ್ನೇಹವಾಗಲು 200 ಗಂಟೆಗೂ ಮೇಲೆ ಒಟ್ಟಿಗೆ ಕಳೆಯಬೇಕು. ಕಚೇರಿಯಲ್ಲಿ ಪಕ್ಕಪಕ್ಕ ಕೂತು ದುಡಿದ ಗಂಟೆಗಳು ಇದರಲ್ಲಿ ಅಷ್ಟಾಗಿ ಜಮೆಯಾಗುವುದಿಲ್ಲ. ವಾರಕ್ಕೆ ಒಂದು ಗಂಟೆಯಾದರೆ 50 ಗಂಟೆಗೆ ಒಂದು ವರ್ಷ. ಪಾರ್ಕಿನಲ್ಲಿ ದಿನಾ ಇಪ್ಪತ್ತು ನಿಮಿಷ ಜೊತೆಗೆ ನಡೆದರೆ ಐದು ತಿಂಗಳು. ಊರಲ್ಲಿ ಈ ಗಂಟೆಗಳು ಹುಟ್ಟಿದಾಗಿನಿಂದ ತಾವಾಗಿಯೇ ಕೂಡುತ್ತ ಬಂದಿದ್ದವು, ನೀವು ಎಣಿಸಿರಲಿಲ್ಲ ಅಷ್ಟೆ.

ಹೆಚ್ಚಿನವರು ಎಡವುವುದು ಎರಡು ಕಡೆ. ದಿನಸಿ ಆ್ಯಪಿನಲ್ಲಿ ತರಿಸಿ, ಹಾಲನ್ನು ಒಂದು ದಿನ ಈ ಬೂತಿನಲ್ಲಿ, ಇನ್ನೊಂದು ದಿನ ಆ ಬೂತಿನಲ್ಲಿ ತರುತ್ತಾರೆ. ಒಂದೇ ನಂದಿನಿ ಬೂತಿಗೆ ದಿನಾ ಒಂದೇ ಹೊತ್ತಿಗೆ ಹೋಗಿ. ನಿಮ್ಮಂತೆಯೇ ಅದೇ ಹೊತ್ತಿಗೆ ಬರುವ ಐದಾರು ಮಂದಿ ತಿಂಗಳೊಳಗೆ ತಲೆಯಾಡಿಸತೊಡಗುತ್ತಾರೆ. ಎರಡನೆಯದು ಪ್ರತಿ ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಿಂದ ಊರಿನ ಬಸ್ಸು ಹತ್ತುವುದು. ಬಿಡುವಿರುವ ಎರಡು ದಿನವೂ ನೀವು ಇಲ್ಲಿರದಿದ್ದರೆ ಎದುರುಮನೆಯವರಿಗೆ ನಿಮ್ಮ ಬೀಗವಷ್ಟೇ ಪರಿಚಯವಾಗುತ್ತದೆ. ಎರಡು ವಾರಕ್ಕೊಮ್ಮೆ ಹೋಗಿ. ಬರುವಾಗ ತೆಂಗಿನಕಾಯಿ ತರುತ್ತೀರಲ್ಲ, ಅದರಲ್ಲಿ ಎರಡು ಎದುರುಮನೆಗೆ.

ಪ್ರಶ್ನೆ: ಸಾಗರದಿಂದ ಬಂದ ಅಮ್ಮನಿಗೆ ಮೇನು, ಕ್ರಾಸು ಎಷ್ಟು ಹೇಳಿದರೂ ತಲೆಗೆ ಹೋಗುತ್ತಿಲ್ಲ. ಊರಲ್ಲಿ ಕಣ್ಣು ಮುಚ್ಚಿ ಓಡಾಡುತ್ತಿದ್ದವರು. ವಯಸ್ಸಿನ ತೊಂದರೆಯೇ?
– ಜಯನಗರದ ಓದುಗಿ

ಉತ್ತರ: ಇಷ್ಟರಿಂದಲೇ ವಯಸ್ಸನ್ನು ದೂರಬೇಡಿ. ಮನೆಯೊಳಗೂ ಮರೆವು ಕಾಣುತ್ತಿದ್ದರೆ ವೈದ್ಯರಿಗೆ ತೋರಿಸಿ. ಬೀದಿಯಲ್ಲಿ ಮಾತ್ರ ಗೊಂದಲವಾದರೆ ದಾರಿ ಹಿಡಿಯುವ ಕ್ರಮವೇ ಬೇರೆ ಎಂದರ್ಥ. 38 ದೇಶಗಳ ಸುಮಾರು ನಾಲ್ಕು ಲಕ್ಷ ಜನರಿಗೆ ಮೊಬೈಲ್ ಆಟವೊಂದನ್ನು ಆಡಿಸಿ ನಡೆಸಿದ ಅಧ್ಯಯನ 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ನಗರದ ಹೊರಗೆ ಬೆಳೆದವರು ದಾರಿ ಹುಡುಕುವುದರಲ್ಲಿ ಒಟ್ಟಾರೆ ಮುಂದಿದ್ದರು. ಚೌಕಮಣೆಯಂಥ ನೇರ ರಸ್ತೆಗಳ ನಗರದಲ್ಲಿ ಬೆಳೆದವರಿಗೆ ಅಂಕುಡೊಂಕು ದಾರಿ ಕಷ್ಟವಾಯಿತು. ನಿಮ್ಮ ತಾಯಿಯದು ಇದರ ಇನ್ನೊಂದು ಮಗ್ಗುಲು. ಅರಳಿಕಟ್ಟೆ, ಹಿಟ್ಟಿನ ಗಿರಣಿ, ಮುಚ್ಚಿ ಇಪ್ಪತ್ತು ವರ್ಷವಾದ ಟಾಕೀಸು ಇವೇ ಅವರ ನಕಾಶೆ. ಜಯನಗರದಲ್ಲಿ ಎಲ್ಲ ಮೂಲೆಯೂ ಒಂದೇ ಥರ ಕಂಡರೆ ಆಶ್ಚರ್ಯವಿಲ್ಲ.

ಸೂತ್ರ ಇಷ್ಟು. ಬಡಾವಣೆಯಲ್ಲಿ ಮೇನ್‌ಗಳೆಲ್ಲ ಒಂದು ದಿಕ್ಕಿಗೆ, ಕ್ರಾಸ್‌ಗಳೆಲ್ಲ ಅವಕ್ಕೆ ಅಡ್ಡಲಾಗಿ. 1898ರ ಪ್ಲೇಗಿನ ಬಳಿಕ ಬಸವನಗುಡಿಯೊಂದಿಗೆ ರೂಪುಗೊಂಡ ಮಲ್ಲೇಶ್ವರದಲ್ಲಿ ಇದು ಚೆನ್ನಾಗಿ ಕಾಣುತ್ತದೆ: ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಉದ್ದಕ್ಕೆ ಉತ್ತರ-ದಕ್ಷಿಣ, ಕ್ರಾಸ್‌ಗಳು ಪೂರ್ವ-ಪಶ್ಚಿಮ. ನಂಬರು ಏರುತ್ತಿದ್ದರೆ ಉತ್ತರಕ್ಕೆ ನಡೆಯುತ್ತಿದ್ದೀರಿ. ಜಯನಗರದ ತೊಡಕು ಬೇರೆ. ಅಲ್ಲಿ ಬ್ಲಾಕ್ ಹೇಳದೆ ಬರೀ ಕ್ರಾಸ್ ಹೇಳಿದರೆ ಆಟೋದವರು ಇನ್ನೆಲ್ಲೋ ಇಳಿಸಿಬಿಡಬಹುದು. ಎರಡು ರಸ್ತೆಗಳ ನಡುವೆ ಇನ್ನೊಂದು ನುಸುಳಿದ್ದರೆ ‘ಎ’, ‘ಬಿ’ ಅಕ್ಷರಗಳೂ ಸೇರುತ್ತವೆ. ಹಾಗಾಗಿ ಬ್ಲಾಕ್, ಮೇನ್, ಕ್ರಾಸ್, ಮನೆ ನಂಬರು, ಇದೇ ಅನುಕ್ರಮದಲ್ಲಿ ಚೀಟಿ ಬರೆದು ಅವರ ಪರ್ಸಿನಲ್ಲಿಡಿ. ಆಮೇಲೆ ನಂಬರು ಮರೆತುಬಿಡಿ. ಮನೆಯಿಂದ ದೇವಸ್ಥಾನಕ್ಕೆ, ತರಕಾರಿ ಅಂಗಡಿಗೆ, ಬಸ್ ಸ್ಟಾಪಿಗೆ ಅವರೇ ಮುಂದೆ ನಡೆಯಲಿ, ನೀವು ಹಿಂದೆ. ಪ್ರತಿ ತಿರುವಿನಲ್ಲೂ ಗುರುತನ್ನು ಅವರೇ ಆರಿಸಲಿ. ನಿಲ್ಲಿಸಿದ ಕಾರು, ಅಂಗಡಿ ಬೋರ್ಡು ಬೇಡ, ಬದಲಾಗುತ್ತವೆ. ಮರ, ಟ್ರಾನ್ಸ್‌ಫಾರ್ಮರ್, ಗುಡಿ ಆಗಬಹುದು. ವಾಪಸು ಬರುವಾಗ ಅದೇ ಗುರುತು ಬೇರೆ ಮಗ್ಗುಲಿನಿಂದ ಕಾಣುವುದರಿಂದ, ಹೋಗುವಾಗಲೇ ಒಮ್ಮೆ ಹಿಂತಿರುಗಿ ನೋಡುವ ಅಭ್ಯಾಸ ಮಾಡಿಸಿ. ಗೊಂದಲವಾಗುವುದು ಹೆಚ್ಚಾಗಿ ಮರಳುವಾಗಲೇ.

ಅಂದಹಾಗೆ ಬಿಟಿಎಂ ಬಡಾವಣೆಯ ಮೂರು ಅಕ್ಷರ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಹಳ್ಳಿಗಳೇ. ಅಮ್ಮನಿಗೆ ಹಾಗೆ ಹೇಳಿದರೆ ಬೇಗ ನೆನಪಿರುತ್ತದೆ.

ಪ್ರಶ್ನೆ: ಚಿಂತಾಮಣಿಯಲ್ಲಿ ನಮ್ಮ ತಂದೆ ಮಾತಿನ ಮೇಲೆಯೇ ಅಂಗಡಿ ಬಾಡಿಗೆಗೆ ಕೊಟ್ಟವರು. ಇಲ್ಲಿ ಮಾಲೀಕರು ಹತ್ತು ತಿಂಗಳ ಅಡ್ವಾನ್ಸ್, 11 ತಿಂಗಳ ಕರಾರು ಎನ್ನುತ್ತಾರೆ. ‘ಭೋಗ್ಯಕ್ಕೆ ಬೇಕಾದರೂ ಕೊಡುತ್ತೇನೆ’ ಎಂದೂ ಹೇಳಿದ್ದಾರೆ. ಏನು ನೋಡಬೇಕು?
– ನಾಗರಬಾವಿಯ ಓದುಗರು

ಉತ್ತರ: ಚಿಂತಾಮಣಿಯಲ್ಲಿ ಮಾತು ನಡೆಯುವುದು ಬಾಡಿಗೆದಾರನ ಸೋದರಮಾವ ನಿಮ್ಮ ತಂದೆಗೆ ಗೊತ್ತಿರುವುದರಿಂದ. ಇಲ್ಲಿ ಮಾವ ಇಲ್ಲ, ಕಾಗದವೇ ಜಾಮೀನು.

ಹನ್ನೊಂದು ತಿಂಗಳ ಗುಟ್ಟು: ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನೋಂದಣಿ ಕಡ್ಡಾಯ, ಅದನ್ನು ತಪ್ಪಿಸಲು ಈ ರೂಢಿ. ಹತ್ತು ತಿಂಗಳ ಅಡ್ವಾನ್ಸೂ ರೂಢಿಯೇ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹೇಳುತ್ತದೆ, ಆದರೆ ಅದು ಮಾದರಿ ಮಾತ್ರ. ಚೌಕಾಸಿಗೆ ಬಳಸಿಕೊಳ್ಳಿ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಇಲ್ಲಿ ವಾಡಿಕೆ. ಎಷ್ಟು ಮುರಿಯುತ್ತಾರೆ, ಉಳಿದದ್ದನ್ನು ಕೀಲಿ ಕೊಟ್ಟ ದಿನವೇ ಹಿಂತಿರುಗಿಸುತ್ತಾರೋ, ನೋಟಿಸ್ ಒಂದು ತಿಂಗಳೋ ಎರಡೋ, ವರ್ಷಕ್ಕೆ ಬಾಡಿಗೆ ಶೇಕಡಾ ಎಷ್ಟು ಏರುತ್ತದೆ – ಎಲ್ಲ ಕರಾರಿನಲ್ಲಿ ಅಂಕಿಯಲ್ಲೇ ಇರಲಿ. ‘ನ್ಯಾಯವಾಗಿ ನೋಡಿಕೊಳ್ಳೋಣ’ ಎಂಬ ಮಾತು ಮನೆ ಬಿಡುವ ದಿನ ಜಗಳವಾಗುತ್ತದೆ.

ಮನೆಗೆ ಹೋಗುವ ಮೊದಲ ದಿನವೇ ಮೀಟರಿನ ರೀಡಿಂಗ್, ಗೋಡೆಯ ಬಿರುಕು, ನಲ್ಲಿ, ಸ್ನಾನದ ಮನೆಯ ತೇವ ಎಲ್ಲದರ ಫೋಟೊ ತೆಗೆದು ಮಾಲೀಕರಿಗೆ ವಾಟ್ಸ್ಆ್ಯಪ್ ಮಾಡಿ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಸಂಪು ಎಷ್ಟು ಲೀಟರಿನದು, ಟ್ಯಾಂಕರ್ ಹಣ ಯಾರದ್ದು ಕೇಳಿ. ಬೇಸಿಗೆಯಲ್ಲಿ ಬಾಡಿಗೆಗಿಂತ ಈ ಪ್ರಶ್ನೆಯೇ ದೊಡ್ಡದು. ಗೃಹಜ್ಯೋತಿಗೆ ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆಯಾಗಿದ್ದರೆ ಮೊದಲು ಅದನ್ನು ಬಿಡಿಸಬೇಕು.

ಭೋಗ್ಯವೆಂದರೆ ತಿಂಗಳ ಬಾಡಿಗೆಯಿಲ್ಲದೆ ದೊಡ್ಡ ಮೊತ್ತವನ್ನು ಮಾಲೀಕರ ಕೈಗಿಡುವುದು. ಅಪಾಯ ಒಂದೇ, ಆದರೆ ಭಾರಿಯದು: ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು, ಕಂತು ನಿಂತರೆ ಹರಾಜಿನ ನೋಟಿಸ್ ನಿಮ್ಮ ಬಾಗಿಲಿಗೆ ಅಂಟುತ್ತದೆ. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಋಣಭಾರ ಪತ್ರ (ಇ.ಸಿ.) ತೆಗೆಸಿ, ಖಾತೆ ಮತ್ತು ಕಂದಾಯದ ರಸೀದಿಯಲ್ಲಿ ಅದೇ ಹೆಸರಿದೆಯೇ ನೋಡಿ. ಕ್ರಯಪತ್ರದ ಮೂಲ ಪ್ರತಿಯನ್ನೇ ತೋರಿಸಲು ಕೇಳಿ. ಬರೀ ಜೆರಾಕ್ಸ್ ತೋರಿಸಿದರೆ ಮೂಲಪತ್ರ ಬ್ಯಾಂಕಿನಲ್ಲಿ ಇರಬಹುದು. ಭೋಗ್ಯದ ಪತ್ರ ನೋಂದಣಿಯಾಗಲೇಬೇಕು. ಮಾಲೀಕರು ಅದಕ್ಕೆ ಒಪ್ಪದಿದ್ದರೆ ಬಾಡಿಗೆಗೇ ಇರಿ.

ಪ್ರಶ್ನೆ: ಮತವೂ ರೇಷನ್ ಕಾರ್ಡೂ ಊರಲ್ಲೇ ಇವೆ. ಇಲ್ಲಿಗೆ ತರಬೇಕೇ?
– ಪೀಣ್ಯದ ಓದುಗರು

ಉತ್ತರ: ರೇಷನ್ ಕಾರ್ಡ್ ಅಲ್ಲೇ ಇರಲಿ, ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ಪಡಿತರ ಪಡೆಯಬಹುದು. ಮತದ ವಿಷಯ ಹಾಗಲ್ಲ. ನೀವು ಸಾಮಾನ್ಯವಾಗಿ ವಾಸವಿರುವ ಜಾಗದಲ್ಲಿ ಮಾತ್ರ ಹೆಸರಿರಬೇಕು. ಊರಲ್ಲಿ ಸ್ವಂತ ಮನೆಯಿದೆ ಎಂಬ ಕಾರಣವೊಂದೇ ಸಾಲದು. ಎರಡು ಕಡೆ ಹೆಸರಿಡುವಂತಿಲ್ಲ. ವರ್ಗಾವಣೆಗೆ ನಮೂನೆ 8. ಬಹಳ ಮಂದಿ ಹೊಸ ಮತದಾರರ ನಮೂನೆ 6 ತುಂಬಿ ಎರಡು ಕಡೆ ಹೆಸರು ಮಾಡಿಕೊಂಡು ಸಿಕ್ಕಿಬೀಳುತ್ತಾರೆ. ಇಲ್ಲಿಗೆ ತಂದರೆ ಊರಿನ ಪುರಸಭೆ ಚುನಾವಣೆಯಲ್ಲಿ ನಿಮ್ಮ ಮತ ಇರುವುದಿಲ್ಲ. ಚಿಕ್ಕಪ್ಪನೇ ಅಭ್ಯರ್ಥಿಯಾಗಿದ್ದರೆ ಮೊದಲೇ ತಿಳಿಸಿಬಿಡಿ.

ಪ್ರಶ್ನೆ: ನಾನು ಗದಗಿನಾಕಿ. ಆಫೀಸಿನ್ಯಾಗ ಮಾತಾಡಿದ್ರ ನಗ್ತಾರ. ಭಾಷಾ ಬದಲಿ ಮಾಡ್ಕೋಬೇಕೇನ್ರಿ?
– ಮಾರತ್‌ಹಳ್ಳಿಯ ಓದುಗಿ

ಉತ್ತರ: ಬೇಡ್ರೀ. ಪದ ಬೇರೆ, ಧಾಟಿ ಬೇರೆ. ಧಾಟಿ ನಿಮ್ಮದೇ ಇರಲಿ; ಕೆಲಸ ಕೆಡಿಸುವ ಪದಗಳಿಗೆ ಮಾತ್ರ ಜೋಡಿ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಉಳ್ಳಾಗಡ್ಡಿಗೆ ಈರುಳ್ಳಿ, ಶೇಂಗಾಕ್ಕೆ ಕಡಲೆಕಾಯಿ, ನಾಷ್ಟಾಕ್ಕೆ ತಿಂಡಿ, ದವಾಖಾನೆಗೆ ಆಸ್ಪತ್ರೆ. ಹೆಚ್ಚು ಜೋಪಾನ ಬೇಕಾದದ್ದು ‘ಅಡ್ಡಿಯಿಲ್ಲ’ಕ್ಕೆ: ನಿಮ್ಮ ಕಡೆ ಅದು ಮನಃಪೂರ್ವಕ ಒಪ್ಪಿಗೆ, ಇಲ್ಲಿಯವರ ಕಿವಿಗೆ ‘ಪರವಾಗಿಲ್ಲ, ಹೇಗೋ ಆಗುತ್ತೆ’ ಎಂದು ಬೀಳುತ್ತದೆ. ಮ್ಯಾನೇಜರಿಗೆ ‘ಖಂಡಿತ ಮಾಡ್ತೀನ್ರಿ’ ಅನ್ನಿ. ನಗುವವರಿಗೆ ನಗುವುದಕ್ಕೆ ಹಕ್ಕೇನೂ ಇಲ್ಲ. ಮೈಸೂರು ಸೀಮೆಯ ನುಡಿ ಆಡಳಿತಕ್ಕೂ ಪಠ್ಯಕ್ಕೂ ಹತ್ತಿರವಾಯಿತು ಎಂದಮಾತ್ರಕ್ಕೆ 1956ರಲ್ಲಿ ಕೂಡಿದ ಉಳಿದ ಸೀಮೆಗಳ ನುಡಿ ಕನ್ನಡವಲ್ಲವೆಂದಾಗುವುದಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ ‘ಶೇಂಗಾ ಹೆಂಗ್ರಿ?’ ಅಂತಲೇ ಕೇಳಿ. ವ್ಯಾಪಾರಿಗೆ ಅರ್ಥವಾಗುತ್ತದೆ.

ಪ್ರಶ್ನೆ: ನಿವೃತ್ತಿಯಾಯಿತು. ಮೂವತ್ತೆರಡು ವರ್ಷದ ಬೆಂಗಳೂರು ಸಾಕು, ತೀರ್ಥಹಳ್ಳಿಯ ಹಳೇ ಮನೆಗೆ ಹೋಗಿ ಇರೋಣವೆಂದಿದ್ದೇವೆ. ಯಾವುದಕ್ಕೆ ಸಿದ್ಧರಾಗಬೇಕು?
– ರಾಜಾಜಿನಗರದ ದಂಪತಿ

ಉತ್ತರ: ಮೊದಲು ಕಾಗದ. ಮನೆ ಇನ್ನೂ ತೀರಿಕೊಂಡ ತಂದೆಯವರ ಹೆಸರಿನಲ್ಲಿದ್ದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಬೇಕು: ಮರಣ ಪ್ರಮಾಣಪತ್ರ, ವಂಶವೃಕ್ಷ, ಅಣ್ಣತಮ್ಮ ಅಕ್ಕತಂಗಿಯರ ಒಪ್ಪಿಗೆ. ತಡವಾಗುವುದು ಈ ಮೂರನೆಯದರಲ್ಲಿ. ಎಲ್ಲರೂ ಸೇರುವ ಹಬ್ಬದಲ್ಲೇ ಸಹಿ ಮಾಡಿಸಿ. ಬಳಿಕ ಡಿಜಿಟಲ್ ಖಾತೆ: ಮನೆ ಪಟ್ಟಣದ ಮಿತಿಯೊಳಗಿದ್ದರೆ ಇ-ಆಸ್ತಿ, ಗ್ರಾಮ ಪಂಚಾಯಿತಿಯದಾದರೆ ಇ-ಸ್ವತ್ತು.

ಆಮೇಲೆ ಮನೆ. ವರ್ಷಗಟ್ಟಲೆ ಬೀಗ ಹಾಕಿದ ಹೆಂಚಿನ ಮನೆಯಲ್ಲಿ ಕೆಡುವುದು ಮೇಲಿನಿಂದ. ಎಲೆ ತುಂಬಿ ನೀರು ನಿಂತು, ಒಡೆದ ಹೆಂಚಿನಿಂದ ಇಳಿದು ರೀಪು, ಪಕಾಸು ನೆನೆಯುತ್ತವೆ. ನೆನೆದ ಮರಕ್ಕೆ ಒರಲೆ ಹತ್ತುತ್ತದೆ. ಏಪ್ರಿಲ್‌ನಲ್ಲೇ ಹತ್ತಿ ನೋಡಿಸಿ. ಜೂನ್ ಬಂದರೆ ಮಾಡಿನ ಮೇಲೆ ಕೆಲಸದವರು ಹತ್ತುವುದಿಲ್ಲ. ಇಲಿ ಕಡಿದ ವೈರಿಂಗ್ ಬದಲಿಸದೆ ಫ್ರಿಜ್ ಹಾಕಬೇಡಿ. ಓಡದೆ ನಿಂತ ಪಂಪು ಬಿಗಿದುಕೊಂಡಿರುತ್ತದೆ. ಸ್ವಿಚ್ ಒತ್ತುವ ಮೊದಲು ಕರೆಂಟು ತೆಗೆದು, ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿ, ಇಲ್ಲದಿದ್ದರೆ ವೈಂಡಿಂಗ್ ಸುಡುತ್ತದೆ.

ಆಸ್ಪತ್ರೆಯನ್ನು ಗಂಟೆಯಲ್ಲಿ ಅಳೆಯಿರಿ, ಕಿಲೋಮೀಟರಿನಲ್ಲಲ್ಲ. ಶಿವಮೊಗ್ಗ ಸುಮಾರು 60 ಕಿ.ಮೀ.; ಮಣಿಪಾಲಕ್ಕೆ ಆಗುಂಬೆ ಘಾಟಿ ಇಳಿಯಬೇಕು, ಜುಲೈ ರಾತ್ರಿಯಲ್ಲಿ ಅದು ಬೇರೆಯೇ ದಾರಿ. ಇಬ್ಬರಲ್ಲಿ ಒಬ್ಬರೇ ಕಾರು ಓಡಿಸುವುದಾದರೆ, ಆ ಒಬ್ಬರಿಗೇ ಎದೆನೋವು ಬಂದಾಗ ಯಾರನ್ನು ಕರೆಯುವುದು ಎಂದು ಹೆಸರು ಹಿಡಿದು ಬರೆದಿಡಿ.

ಜನರ ಬಗ್ಗೆಯೂ ಒಂದು ಮಾತು. ನೀವು ಬಿಟ್ಟು ಬಂದಾಗ ಇದ್ದ ಊರಿನವರಲ್ಲಿ ನಿಮ್ಮ ವಾರಿಗೆಯವರು ಬಹುಪಾಲು ನಿಮ್ಮಂತೆಯೇ ಹೊರಗಿದ್ದಾರೆ. ಅಂಗಡಿಯಲ್ಲಿ ಈಗ ಕೂತಿರುವ ಹುಡುಗನಿಗೆ ನೀವು ‘ಬೆಂಗಳೂರಿನವರು’. ಪೆನ್ಶನ್ ಎಷ್ಟು, ಮಗ ಎಲ್ಲಿ, ಸೊಸೆ ಯಾಕೆ ಬರಲಿಲ್ಲ – ಎಲ್ಲ ಕೇಳುತ್ತಾರೆ. ಅದು ಕೆಟ್ಟತನವಲ್ಲ, ನಿಮ್ಮನ್ನು ಯಾವ ಜಾಗದಲ್ಲಿ ಕೂರಿಸಬೇಕೆಂಬ ಹುಡುಕಾಟ. ಉತ್ತರ ಕೊಡದೆ ಮುಖ ತಿರುಗಿಸಿದರೆ ಊರು ತನಗೆ ತೋಚಿದ ಉತ್ತರವನ್ನು ತಾನೇ ಬರೆದುಕೊಳ್ಳುತ್ತದೆ. ಎರಡು ಮೂರು ವಿಷಯ ನೀವೇ ಮೊದಲು ಹೇಳಿಬಿಡಿ.

ರಾಜಾಜಿನಗರದ ಮನೆ ಈಗಲೇ ಮಾರಬೇಡಿ, ಬಾಡಿಗೆಗೂ ಕೊಡಬೇಡಿ. ಜೂನ್ ಮೊದಲ ವಾರ ಹೋಗಿ ಸೆಪ್ಟೆಂಬರ್ ಕೊನೆಯವರೆಗೆ ಅಲ್ಲಿದ್ದು ನೋಡಿ. ಎಳ್ಳಮಾವಾಸ್ಯೆ ಜಾತ್ರೆಯ ತೀರ್ಥಹಳ್ಳಿ ನಿಮಗೆ ಗೊತ್ತೇ ಇದೆ. ಒಗೆದ ಬಟ್ಟೆ ನಾಲ್ಕು ದಿನ ಒಣಗದ ತೀರ್ಥಹಳ್ಳಿಯನ್ನು ನೋಡಿ ಮೂವತ್ತೆರಡು ವರ್ಷವಾಗಿದೆ.