ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದ ಹಳೆಯ ಹೆಸರೇನು? ಅದು ಮಣ್ಣಿನ ಹೆಂಟೆಯಿಂದ ಹುಟ್ಟಿತು ಎಂಬ ಕಥೆ ಯಾಕಿದೆ?

ಅದರ ಹಳೆಯ ಹೆಸರು ಕಲ್ಲಿಸ್ಟೆ, ಅಂದರೆ ಅತಿ ಚೆಲುವಾದದ್ದು. ಆಮೇಲೆ ಸ್ಪಾರ್ಟಾದಿಂದ ಬಂದು ನೆಲೆಸಿದ ಥೇರಾಸ್ ಎಂಬ ನಾಯಕನಿಂದ ಅದು ಥೇರಾ ಆಯಿತು ಎಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆಯುತ್ತಾನೆ. ಸ್ಯಾಂಟೊರಿನಿ ಎಂಬುದು ಸಂತ ಐರೀನ್‌ಳಿಂದ ಬಂದ, ತುಂಬಾ ಈಚಿನ ಹೆಸರು.

ಕಥೆ ಹೀಗಿದೆ. ಗ್ರೀಕ್ ಪುರಾಣದ ಆರ್ಗೊ ಹಡಗಿನ ವೀರರು ಲಿಬಿಯಾದಲ್ಲಿ ದಾರಿ ಕಾಣದೆ ಸಿಕ್ಕಿಕೊಂಡಿದ್ದಾಗ, ಟ್ರೈಟನ್ ಎಂಬ ಜಲದೇವತೆ ಅವರಲ್ಲಿ ಒಬ್ಬನಾದ ಯುಫೀಮಸ್‌ಗೆ ಒಂದು ಹೆಂಟೆ ಮಣ್ಣು ಕೊಟ್ಟ. ಮುಂದೆ ಯುಫೀಮಸ್ ಅದನ್ನು ಕಡಲಿಗೆ ಎಸೆದ. ಅದೇ ಕಲ್ಲಿಸ್ಟೆ ದ್ವೀಪವಾಯಿತು. ಅವನ ಕೈಯಿಂದ ಎಸೆದದ್ದಲ್ಲ, ಅಲೆಗೆ ಕೊಚ್ಚಿಹೋಯಿತು ಅಂತಲೂ ಇನ್ನೊಂದು ಪಾಠವಿದೆ.

ಮಣ್ಣು ಲಿಬಿಯಾದ್ದೇ ಯಾಕೆ? ಗುಟ್ಟು ಇರುವುದು ಇಲ್ಲೇ. ಕ್ರಿ.ಪೂ. 7ನೇ ಶತಮಾನದಲ್ಲಿ ಥೇರಾದ ಜನ ಲಿಬಿಯಾಕ್ಕೆ ಹೋಗಿ ಸೈರೀನ್ ಎಂಬ ಊರು ಕಟ್ಟಿದರು. ಅಲ್ಲಿನ ರಾಜರು ತಾವು ಯುಫೀಮಸ್‌ನ ವಂಶದವರು ಎನ್ನುತ್ತಿದ್ದರು. ದ್ವೀಪವೇ ಲಿಬಿಯಾದ ಮಣ್ಣಾದರೆ, ಅವರು ಪರದೇಶಕ್ಕೆ ನುಗ್ಗಿದವರಲ್ಲ, ದೇವರು ಕೊಟ್ಟ ನೆಲಕ್ಕೆ ಮರಳಿದವರು, ಅಲ್ವಾ? ಕ್ರಿ.ಪೂ. 462ರಲ್ಲಿ ಕವಿ ಪಿಂಡಾರ್ ಸೈರೀನ್‌ನ ರಾಜ ಆರ್ಕೆಸಿಲಾಸ್‌ನನ್ನು ಹೊಗಳುವಾಗ ಈ ಹೆಂಟೆಯ ಕಥೆಯನ್ನೇ, ಅದು ಅಲೆಗೆ ಕೊಚ್ಚಿಹೋದ ಪಾಠದಲ್ಲಿ, ಹಾಡಿದ. ಸುಮ್ನೆ ಅಲ್ಲ!

ಕಡಲಿಂದ ನೆಲ ಏಳುವುದು ಮಾತ್ರ ಅಲ್ಲಿ ಬರೀ ಕಟ್ಟುಕಥೆಯಲ್ಲ. ಅದು ಜ್ವಾಲಾಮುಖಿಯ ಜಾಗ. 1707ರಲ್ಲೂ ಅದರ ಕೊಲ್ಲಿಯ ನಡುವೆ ನೇಯಾ ಕಮೇನಿ ಎಂಬ ಹೊಸ ದ್ವೀಪ ತಲೆ ಎತ್ತಿತು.