ವಾಲ್ಯೂಮ್ ಬಟನ್ ಯಾರ ಜೊತೆ ಮಾತಾಡುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ್ದು. ಇಂಟರ್ನೆಟ್ಟಿನ ಸಿನಿಮಾ, ಸೀರಿಯಲ್ ನೋಡಲು ಟಿವಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್, ಅದರ ರಿಮೋಟ್, ಆ ರಿಮೋಟಿನ ವಾಲ್ಯೂಮ್ ಬಟನ್. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಇವತ್ತು ಇದೊಂದನ್ನೇ ಹಿಡಿದುಕೊಂಡಿದ್ದೇನೆ.

ಪ್ರಶ್ನೆ: ಹಳೇ ಟಿವಿ ಕೆಟ್ಟಿತು, ಹೊಸದು ಬಂತು. ಸ್ಟಿಕ್ ಮಾತ್ರ ಹಳೇದೇ. ರಿಮೋಟ್‌ನಲ್ಲಿ ಬಾಣದ ಬಟನ್, ಓಕೆ, ಹೋಮ್, ಮಾತಾಡಿ ಹುಡುಕುವುದು ಎಲ್ಲ ಸರಿ ಇದೆ. ವಾಲ್ಯೂಮ್ ಬಟನ್ ಮಾತ್ರ ಸತ್ತಂತಿದೆ. ರಿಮೋಟ್ ಹಾಳಾಗಿದೆಯಾ? ಹೊಸದು ತರಬೇಕಾ?

ಉತ್ತರ: ತರಬೇಡಿ. ನಿಮ್ಮ ರಿಮೋಟ್ ಚೆನ್ನಾಗಿಯೇ ಇದೆ. ಅದು ಇನ್ನೂ ನಿಮ್ಮ ಹಳೇ ಟಿವಿಯ ಭಾಷೆಯನ್ನೇ ಮಾತಾಡುತ್ತಿದೆ, ಅಷ್ಟೇ.

ಈ ರಿಮೋಟ್ ಒಂದೇ ವಸ್ತುವಿನ ಹಾಗೆ ಕಂಡರೂ ಇಬ್ಬರ ಜೊತೆ ಮಾತಾಡುತ್ತದೆ. ಬಾಣ, ಓಕೆ, ಹೋಮ್ ಒತ್ತಿದರೆ ಮಾತು ಸ್ಟಿಕ್ಕಿಗೆ ಹೋಗುತ್ತದೆ. ಸಾಮಾನ್ಯವಾಗಿ ಬ್ಲೂಟೂತ್ ಮೂಲಕ, ರೋಕು ತರಹದ ಕೆಲವು ಸಾಧನಗಳಲ್ಲಿ ವೈಫೈ ಮೂಲಕ. ಅದು ರೇಡಿಯೋ ಅಲೆ. ದಿಂಬಿನ ಕೆಳಗಿಂದ ಒತ್ತಿದರೂ ತಲುಪುತ್ತದೆ. ಆದರೆ ವಾಲ್ಯೂಮ್ ಏರಿಸುವುದು ಸ್ಟಿಕ್ಕಿನ ಕೆಲಸ ಅಲ್ಲ, ಟಿವಿಯ ಕೆಲಸ. ಹಾಗಾಗಿ ವಾಲ್ಯೂಮ್ ಒತ್ತಿದಾಗ ರಿಮೋಟ್ ಹೆಚ್ಚಿನ ಮನೆಗಳಲ್ಲಿ ಸ್ಟಿಕ್ಕನ್ನು ಬಿಟ್ಟು ನೇರ ಟಿವಿಗೆ ಹೇಳುತ್ತದೆ, ಅದೂ ಬೆಳಕಿನಲ್ಲಿ. ರಿಮೋಟಿನ ಮೂತಿಯಲ್ಲಿ ಒಂದು ಪುಟ್ಟ ಇನ್‌ಫ್ರಾರೆಡ್ ಎಲ್‌ಇಡಿ, ಅಂದರೆ ಕಣ್ಣಿಗೆ ಕಾಣದ ಬೆಳಕು ಬೀರುವ ದೀಪ ಇರುತ್ತದೆ. ಅದು ಸೆಕೆಂಡಿಗೆ ಸುಮಾರು 38 ಸಾವಿರ ಸಲದ ಲೆಕ್ಕದಲ್ಲಿ ಮಿನುಗುತ್ತದೆ. ಆ ಮಿನುಗನ್ನೇ ಸ್ವಲ್ಪ ಹೊತ್ತು ಬಿಟ್ಟು, ಸ್ವಲ್ಪ ಹೊತ್ತು ತಡೆದು ಒಂದು ಕೋಡ್ ಕಳಿಸುತ್ತದೆ. ಪ್ರತಿ ಕಂಪನಿಯ ಕೋಡ್ ಬೇರೆ. ಒಂದೇ ಕಂಪನಿಯ ಎರಡು ಟಿವಿಗಳ ಕೋಡ್ ಬೇರೆ ಇರುವುದೂ ಉಂಟು.

38 ಸಾವಿರ ಯಾಕೆ ಅಂತ ಕೇಳಬಹುದು. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ, ಬಲ್ಬಿನಲ್ಲೂ ಇದೆ. ಟಿವಿ ಅದಕ್ಕೆಲ್ಲ ಓಗೊಟ್ಟರೆ ಕಷ್ಟ ಅಲ್ವಾ? 1955ರಲ್ಲಿ ಜೆನಿತ್ ಕಂಪನಿ ಫ್ಲ್ಯಾಶ್‌ಮ್ಯಾಟಿಕ್ ಎಂಬ ವೈರ್ ಇಲ್ಲದ ರಿಮೋಟ್ ತಂದಿತ್ತು. ಪರದೆಯ ನಾಲ್ಕು ಮೂಲೆಯಲ್ಲಿ ಬೆಳಕು ಗುರುತಿಸುವ ಕಣ್ಣುಗಳು, ಕೈಯಲ್ಲಿ ಟಾರ್ಚಿನಂಥ ಒಂದು ಸಾಧನ. ಕಿಟಕಿಯಿಂದ ಬಿಸಿಲು ಬಿದ್ದರೂ ಆ ಟಿವಿ ತಾನಾಗಿಯೇ ಚಾನೆಲ್ ಬದಲಿಸಿಬಿಡುತ್ತಿತ್ತು. ಈಗಿನ ಟಿವಿ ಆ ವೇಗದಲ್ಲಿ ಮಿನುಗದ ಬೆಳಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಹೊಸ ಟಿವಿಯ ಕೋಡನ್ನು ರಿಮೋಟಿಗೆ ಕಲಿಸಬೇಕು. ನಿಮ್ಮ ಸ್ಟಿಕ್ ಫೈರ್ ಟಿವಿ ಆದರೆ ಸೆಟ್ಟಿಂಗ್ಸ್‌ನಲ್ಲಿ ‘ಇಕ್ವಿಪ್‌ಮೆಂಟ್ ಕಂಟ್ರೋಲ್’ ಹುಡುಕಿ, ಅದರೊಳಗೆ ಟಿವಿ ಬದಲಿಸುವ ಆಯ್ಕೆ ಇದೆ. ಗೂಗಲ್ ಟಿವಿಯಲ್ಲಿ ‘ರಿಮೋಟ್ಸ್ ಅಂಡ್ ಆಕ್ಸೆಸರೀಸ್’, ಅದರೊಳಗೆ ‘ಸೆಟ್ ಅಪ್ ರಿಮೋಟ್ ಬಟನ್ಸ್’. ರೋಕುವಿನಲ್ಲಿ ‘ರಿಮೋಟ್ಸ್ ಅಂಡ್ ಡಿವೈಸಸ್’ ಒಳಗೆ ನಿಮ್ಮ ರಿಮೋಟ್ ಆರಿಸಿದರೆ ಟಿವಿ ಕಂಟ್ರೋಲಿನ ಸೆಟಪ್ ಸಿಗುತ್ತದೆ. ಆಪಲ್ ಟಿವಿಯದು ನನಗೆ ತುಂಬಾ ಇಷ್ಟವಾದ ದಾರಿ. ಅಲ್ಲಿ ‘ವಾಲ್ಯೂಮ್ ಕಂಟ್ರೋಲ್’ ಒಳಗೆ ‘ಲರ್ನ್ ನ್ಯೂ ಡಿವೈಸ್’ ಅಂತ ಇದೆ. ಟಿವಿಯ ಸ್ವಂತ ರಿಮೋಟನ್ನು ಆಪಲ್ ಟಿವಿಯ ಪೆಟ್ಟಿಗೆಯ ಎದುರು ಹಿಡಿದು ವಾಲ್ಯೂಮ್ ಒತ್ತಿ ಹಿಡಿದರೆ ಸಾಕು, ಕೋಡನ್ನು ನೋಡಿ ಕಲಿತುಬಿಡುತ್ತದೆ.

ಒಂದು ಮಾತು. ಕಂಪನಿಯ ಹೆಸರು ಆರಿಸಿದ ಕೂಡಲೇ ವಾಲ್ಯೂಮ್ ಬರಲಿಲ್ಲ ಅಂತ ಅಲ್ಲಿಗೇ ನಿಲ್ಲಿಸಬೇಡಿ. ನನಗೆ ಬರುವ ಪತ್ರಗಳಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ‘ಕೆಲಸ ಮಾಡಿತಾ?’ ಎಂದು ಪರದೆ ಕೇಳುತ್ತದೆ. ಇಲ್ಲ ಅಂದರೆ ಮುಂದಿನ ಕೋಡ್ ಪ್ರಯತ್ನಿಸುತ್ತದೆ. ಮತ್ತೆ ಇಲ್ಲ ಅನ್ನಿ. ನಾಲ್ಕನೆಯದೋ ಆರನೆಯದೋ ಹಿಡಿಯಬಹುದು. ಹಿಡಿದ ಮೇಲೆ ಏರಿಸುವುದು, ಇಳಿಸುವುದು, ಮ್ಯೂಟ್ ಮೂರನ್ನೂ ಒತ್ತಿ ನೋಡಿ, ಆಮೇಲೆ ಹೌದು ಅನ್ನಿ.

ನಿಮ್ಮ ಟಿವಿಯ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಸ್ಟಿಕ್ಕನ್ನು ಟಿವಿಗೆ ಸಿಕ್ಕಿಸುವ ಎಚ್‌ಡಿಎಂಐ ಪ್ಲಗ್ಗಿನಲ್ಲಿ 19 ಪಿನ್ ಇವೆ. ಅದರಲ್ಲಿ 13ನೆಯದು ಇರುವುದೇ ಸಾಧನಗಳು ಒಂದಕ್ಕೊಂದು ಆಜ್ಞೆ ಕಳಿಸಲಿ ಅಂತ. ಇದಕ್ಕೆ ಸಿಇಸಿ ಅನ್ನುತ್ತಾರೆ. ಇದು ಆನ್ ಆಗಿದ್ದರೆ ರಿಮೋಟ್ ಸ್ಟಿಕ್ಕಿಗೆ ಹೇಳುತ್ತದೆ, ಸ್ಟಿಕ್ ಆ ಪಿನ್ ಮೂಲಕ ಟಿವಿಗೆ ಹೇಳುತ್ತದೆ. ಬೆಳಕು ಬೇಕಿಲ್ಲ, ಗುರಿ ಹಿಡಿಯಬೇಕಿಲ್ಲ. ತೊಂದರೆ ಏನೆಂದರೆ ಟಿವಿ ಮೆನುವಿನಲ್ಲಿ ಸಿಇಸಿ ಎಂಬ ಹೆಸರೇ ಇಲ್ಲದಿರಬಹುದು. ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಅನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್, ಪ್ಯಾನಸೋನಿಕ್ ವಿಯೆರಾ ಲಿಂಕ್, ಫಿಲಿಪ್ಸ್ ಈಸಿಲಿಂಕ್. ಈ ಹೆಸರು ಹುಡುಕಿ, ಆನ್ ಮಾಡಿ. ಸ್ಟಿಕ್ಕಿನ ಸೆಟ್ಟಿಂಗ್ಸ್‌ನಲ್ಲೂ ಸಿಇಸಿ ಆನ್ ಇದೆಯಾ ನೋಡಿ. ಎರಡೂ ಕಡೆ ಆನ್ ಇದ್ದರೆ ಮಾತ್ರ ಮಾತುಕತೆ.

ಪ್ರಶ್ನೆ: ಏನೂ ಬದಲಿಸಿಲ್ಲ. ಟಿವಿ, ಸ್ಟಿಕ್ ಎರಡೂ ಹಳೇದೇ. ಎರಡು ವಾರದಿಂದ ವಾಲ್ಯೂಮ್ ಬಟನ್ ಹತ್ತಿರ ಹೋಗಿ ಒತ್ತಿದರೆ ಮಾತ್ರ ಕೇಳುತ್ತಿತ್ತು. ಈಗ ಅದೂ ಇಲ್ಲ. ಬ್ಯಾಟರಿ ಇದೆ, ಬೇರೆ ಬಟನ್‌ಗಳು ಕೆಲಸ ಮಾಡುತ್ತಿವೆಯಲ್ಲ?

ಉತ್ತರ: ಬೇರೆ ಬಟನ್ ಕೆಲಸ ಮಾಡುತ್ತಿದ್ದರೂ ಮೊದಲ ಅನುಮಾನ ಬ್ಯಾಟರಿ ಮೇಲೆಯೇ ಇರಲಿ. ಬ್ಲೂಟೂತ್‌ಗೆ ತುಂಬ ಕಡಿಮೆ ಕರೆಂಟ್ ಸಾಕು. ಇನ್‌ಫ್ರಾರೆಡ್ ಎಲ್‌ಇಡಿಗೆ ಹಾಗಲ್ಲ, ಪ್ರತಿ ಮಿನುಗಿಗೂ ಒಂದು ಗಟ್ಟಿ ಏಟಿನಷ್ಟು ಕರೆಂಟ್ ಬೇಕು. ಸೋತ ಬ್ಯಾಟರಿ ಅಷ್ಟನ್ನು ಕೊಡಲಾರದು. ಬೆಳಕು ಮಂಕಾಗುತ್ತದೆ, ದೂರ ಕಡಿಮೆಯಾಗುತ್ತದೆ. ನೀವು ಬರೆದ ‘ಹತ್ತಿರ ಹೋದರೆ ಮಾತ್ರ’ ಅನ್ನುವುದು ಅದೇ ಲಕ್ಷಣ. ಎರಡೂ ಸೆಲ್ಲುಗಳನ್ನು ಒಟ್ಟಿಗೆ ಬದಲಿಸಿ. ಒಂದು ಹೊಸದು, ಒಂದು ಹಳೇದು ಹಾಕಬೇಡಿ.

ಮೊದಲು ಒಂದು ಪರೀಕ್ಷೆ ಮಾಡಿ ನೋಡಿ, ನಿಮಗೇ ಕಣ್ಣಾರೆ ತಿಳಿಯುತ್ತದೆ. ಕೋಣೆಯ ದೀಪ ಆರಿಸಿ. ಫೋನಿನ ಕ್ಯಾಮೆರಾ ತೆರೆದು, ಸೆಲ್ಫಿ ತೆಗೆಯುವ ಮುಂದಿನ ಕ್ಯಾಮೆರಾಗೆ ಬದಲಿಸಿ. ಹಿಂದಿನ ಕ್ಯಾಮೆರಾದಲ್ಲಿ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಜಾಸ್ತಿ ಬಿಗಿ, ಮುಂದಿನದರಲ್ಲಿ ಸಾಮಾನ್ಯವಾಗಿ ಸಡಿಲ. ರಿಮೋಟಿನ ಮೂತಿಯನ್ನು ಅದರ ಎದುರು ಹಿಡಿದು ವಾಲ್ಯೂಮ್ ಒತ್ತಿ. ನಮ್ಮ ಕಣ್ಣಿಗೆ ಏನೂ ಕಾಣದ ಕಡೆ ಪರದೆಯ ಮೇಲೆ ತಿಳಿ ನೇರಳೆ ಬಣ್ಣದ ಒಂದು ಚುಕ್ಕಿ ಪಟಪಟ ಮಿನುಗುತ್ತದೆ. ಟಿವಿಯ ರಿಮೋಟನ್ನೂ ಹಾಗೇ ಹಿಡಿದು ಎರಡನ್ನೂ ಹೋಲಿಸಿ. ಅದರ ಚುಕ್ಕಿ ಬೆಳ್ಳಗೆ ಹೊಳೆದು, ಇದರದ್ದು ಮಸುಕಾಗಿದ್ದರೆ ಬ್ಯಾಟರಿಯೇ. ಚುಕ್ಕಿಯೇ ಇಲ್ಲದಿದ್ದರೆ ಎರಡು ಸಾಧ್ಯತೆ. ನಿಮ್ಮ ರಿಮೋಟ್ ಬೆಳಕು ಬಿಟ್ಟು ಸಿಇಸಿ ದಾರಿ ಹಿಡಿದಿರಬಹುದು, ಅದನ್ನು ಸೆಟ್ಟಿಂಗ್ಸ್‌ನಲ್ಲಿ ನೋಡಿ. ಅದಲ್ಲ, ಹೊಸ ಬ್ಯಾಟರಿ ಹಾಕಿಯೂ ಚುಕ್ಕಿ ಇಲ್ಲ ಅಂದರೆ ಎಲ್‌ಇಡಿ ಹೋಗಿದೆ. ಆಗ ಮಾತ್ರ ರಿಮೋಟ್ ಬದಲಿಸುವ ಮಾತು.

ಬ್ಯಾಟರಿ ತೆಗೆದಾಗ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಂಡರೆ ಬೆರಳಿನಿಂದ ಮುಟ್ಟಬೇಡಿ. ಆಲ್ಕಲೈನ್ ಸೆಲ್ ಸೋರಿ ಆಗುವ ಕ್ಷಾರ ಅದು. ಹತ್ತಿಯ ಕಡ್ಡಿಯನ್ನು ವಿನೆಗರ್‌ನಲ್ಲಿ ಸ್ವಲ್ಪವೇ ಅದ್ದಿ ಒರೆಸಿ, ಆಮೇಲೆ ಒದ್ದೆ ಕಡ್ಡಿಯಿಂದ ಒಮ್ಮೆ, ಒಣ ಕಡ್ಡಿಯಿಂದ ಒಮ್ಮೆ. ಪೂರ್ತಿ ಒಣಗಿದ ಮೇಲೆಯೇ ಹೊಸ ಸೆಲ್ ಹಾಕಿ.

ಪ್ರಶ್ನೆ: ಸೌಂಡ್‌ಬಾರ್ ತಂದು ಟಿವಿ ಮುಂದೆ ಇಟ್ಟೆವು. ಅಂದಿನಿಂದ ವಾಲ್ಯೂಮ್ ಬಟನ್ ವಿಚಿತ್ರವಾಗಿ ಆಡುತ್ತಿದೆ. ಕೂತು ಒತ್ತಿದರೆ ಇಲ್ಲ, ಎದ್ದು ನಿಂತು ಒತ್ತಿದರೆ ಸರಿ.

ಉತ್ತರ: ನಿಮ್ಮ ಪತ್ರ ಓದಿ ನನಗೆ ನಮ್ಮ ಅಮ್ಮ ನೆನಪಾದರು. ಅವರಿಗೆ ಕಿವಿ ಸ್ವಲ್ಪ ಮಂದ. ಮಾತು ಸ್ಪಷ್ಟವಾಗಿ ಕೇಳಲಿ ಅಂತ ನಾನೇ ಸೌಂಡ್‌ಬಾರ್ ತಂದು ಟಿವಿ ಮುಂದೆ ಇಟ್ಟು, ವೈರ್ ಸಿಕ್ಕಿಸಿ ಬಂದಿದ್ದೆ. ಎರಡು ತಿಂಗಳ ನಂತರ ಹೋದಾಗ ನೋಡುತ್ತೇನೆ, ಅಮ್ಮ ಮಂಚದ ಮೇಲೆ ಕೂತು ರಿಮೋಟ್ ಹಿಡಿದ ಕೈಯನ್ನು ತಲೆಗಿಂತ ಮೇಲಕ್ಕೆತ್ತಿ, ತುದಿಯನ್ನು ಕೆಳಗೆ ಬಾಗಿಸಿ ವಾಲ್ಯೂಮ್ ಒತ್ತುತ್ತಿದ್ದಾರೆ. ಯಾಕಮ್ಮ ಹಾಗೆ ಅಂದರೆ, ‘ಹೀಗೆ ಎತ್ತಿದ್ರೆ ಕೇಳ್ಸತ್ತೆ ಅದಕ್ಕೆ’ ಅಂದರು. ಭುಜ ನೋವು ಇರುವವರು. ಎರಡು ತಿಂಗಳು ಹಾಗೇ ಮಾಡಿದ್ದಾರೆ, ನನಗೊಂದು ಫೋನ್ ಮಾಡಿಲ್ಲ. ಅದು ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಕಿವಿಚಿದ ಹಾಗೆ ಆಗುತ್ತದೆ.

ನಾನು ಟಿವಿ ಮುಂದೆ ನೆಲದ ಮೇಲೆ ಕೂತು, ಅಮ್ಮನ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿದೆ. ಟಿವಿಯ ಕೆಳ ಅಂಚಿನಲ್ಲಿರುವ ಸಣ್ಣ ಕೆಂಪು ದೀಪ ಕಾಣಿಸಲೇ ಇಲ್ಲ. ಸೌಂಡ್‌ಬಾರಿನ ಮೇಲಂಚು ಅದಕ್ಕಿಂತ ಎರಡು ಬೆರಳು ಎತ್ತರ ಇತ್ತು. ಇನ್‌ಫ್ರಾರೆಡ್ ಗ್ರಹಿಸುವ ಕಣ್ಣು ಸಾಮಾನ್ಯವಾಗಿ ಆ ಕೆಂಪು ದೀಪದ ಪಕ್ಕದಲ್ಲೇ ಇರುತ್ತದೆ, ಕಪ್ಪು ಗಾಜಿನ ಹಿಂದೆ. ಸೌಂಡ್‌ಬಾರ್ ಅದಕ್ಕೆ ಗೋಡೆ ಕಟ್ಟಿತ್ತು. ಸ್ಟಿಕ್ಕಿನ ಬೇರೆ ಬಟನ್‌ಗಳು ರೇಡಿಯೋ ಅಲೆಯಲ್ಲಿ ಹೋಗುವುದರಿಂದ ಅವಕ್ಕೆ ಏನೂ ಆಗಿರಲಿಲ್ಲ. ಸೌಂಡ್‌ಬಾರನ್ನು ಕೆಳಗಿನ ಹಲಗೆಗೆ ಇಳಿಸಿದೆ, ಅಷ್ಟೇ. ಅಮ್ಮ ಮಡಿಲಲ್ಲಿ ಕೈ ಇಟ್ಟುಕೊಂಡೇ ಒತ್ತಿದರು.

ನೀವೂ ಕೂರುವ ಜಾಗದಿಂದ ಬಗ್ಗಿ ಆ ಕೆಂಪು ದೀಪ ಕಾಣುತ್ತದಾ ನೋಡಿ. ಕಾಣದಿದ್ದರೆ ಸೌಂಡ್‌ಬಾರನ್ನು ಇಳಿಸಿ, ಇಲ್ಲವೇ ಟಿವಿಯನ್ನು ಏರಿಸಿ. ಜಾಗ ಇಲ್ಲ ಅಂದರೆ ಮೇಲೆ ಹೇಳಿದ ಸಿಇಸಿ ಆನ್ ಮಾಡಿಕೊಳ್ಳಿ.

ಪ್ರಶ್ನೆ: ವಾಲ್ಯೂಮ್ ಒತ್ತಿದರೆ ಟಿವಿ ಪರದೆಯ ಮೇಲೆ ಗೆರೆ ಏರುತ್ತದೆ, ಇಳಿಯುತ್ತದೆ. ಸೌಂಡ್‌ಬಾರಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ.

ಉತ್ತರ: ಆಪ್ಟಿಕಲ್ ಕೇಬಲ್ ಹಾಕಿದ್ದೀರಿ ಅನ್ನಿಸುತ್ತದೆ, ತುದಿಯಲ್ಲಿ ಕೆಂಪು ಬೆಳಕು ಬರುವಂಥದ್ದು. ಆ ಕೇಬಲ್‌ನಲ್ಲಿ ಸದ್ದು ಸಾಮಾನ್ಯವಾಗಿ ಒಂದೇ ಮಟ್ಟದಲ್ಲಿ ಹೊರಗೆ ಹೋಗುತ್ತದೆ, ಟಿವಿಯ ವಾಲ್ಯೂಮ್ ಅದನ್ನು ಮುಟ್ಟುವುದಿಲ್ಲ. ಸ್ಟಿಕ್ಕಿನ ಸೆಟ್ಟಿಂಗ್ಸ್‌ನಲ್ಲಿ ವಾಲ್ಯೂಮ್ ಕೆಲಸವನ್ನು ಟಿವಿಯಿಂದ ಸೌಂಡ್‌ಬಾರಿಗೆ ಬದಲಿಸಿ. ಅದಕ್ಕಿಂತ ಒಳ್ಳೆಯದು, ಆಪ್ಟಿಕಲ್ ಬಿಟ್ಟು ಎಚ್‌ಡಿಎಂಐ ಕೇಬಲ್ ಹಾಕಿ. ಟಿವಿಯ ಹಿಂದೆ ಎಆರ್‌ಸಿ ಅಂತ ಬರೆದ ರಂಧ್ರಕ್ಕೇ ಹಾಕಬೇಕು, ಟಿವಿಯ ಸದ್ದನ್ನು ಸೌಂಡ್‌ಬಾರಿಗೆ ಕಳಿಸುವ ದಾರಿ ಅದು. 2009ರ ಎಚ್‌ಡಿಎಂಐ 1.4ರಿಂದ ಈ ಸೌಲಭ್ಯ ಇದೆ. ಸದ್ದೂ ಅದರಲ್ಲೇ ಹೋಗುತ್ತದೆ, ಸಿಇಸಿ ಆನ್ ಇದ್ದರೆ ವಾಲ್ಯೂಮ್ ಆಜ್ಞೆಯೂ ಅದರಲ್ಲೇ ಹೋಗುತ್ತದೆ.

ಪ್ರಶ್ನೆ: ತಂದೆಯ ಟಿವಿಯಲ್ಲಿ ಇದೇ ತೊಂದರೆ. ರಿಮೋಟನ್ನು ಸ್ಟಿಕ್ಕಿಗೆ ಜೋಡಿಸುವ ಪೇರಿಂಗ್ ಮತ್ತೆ ಮಾಡಿದೆ, ಆಗಲಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡಲಾ? ಅವರಿಗೆ ಕಣ್ಣೂ ಅಷ್ಟಾಗಿ ಕಾಣುವುದಿಲ್ಲ, ಎರಡು ರಿಮೋಟ್ ಕೊಟ್ಟರೆ ಗೊಂದಲ.

ಉತ್ತರ: ರೀಸೆಟ್ ಈಗಲೇ ಬೇಡ. ಪಾಸ್‌ವರ್ಡ್‌ಗಳನ್ನೆಲ್ಲ ಮತ್ತೆ ಹಾಕಬೇಕು, ಸುಮ್ನೆ ಅರ್ಧ ದಿನ ಹೋಗುತ್ತದೆ. ಬಾಣದ ಬಟನ್ ಕೆಲಸ ಮಾಡುತ್ತಿದ್ದರೆ ಪೇರಿಂಗ್ ಸರಿಯಾಗಿದೆ ಎಂದೇ ಅರ್ಥ. ತೊಂದರೆ ಸ್ಟಿಕ್ ಮತ್ತು ರಿಮೋಟ್ ನಡುವೆ ಇಲ್ಲ, ರಿಮೋಟ್ ಮತ್ತು ಟಿವಿ ನಡುವೆ ಇದೆ. ಮೊದಲು ಟಿವಿ, ಸ್ಟಿಕ್ ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು ಒಂದೆರಡು ನಿಮಿಷ ಬಿಡಿ. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು, ಕಿತ್ತೇ ಬಿಡಬೇಕು. ಸಿಇಸಿ ಸಿಕ್ಕಿಹಾಕಿಕೊಂಡಿದ್ದರೆ ಇದರಿಂದಲೇ ಬಿಡಿಸಿಕೊಳ್ಳುತ್ತದೆ. ಆಮೇಲೆ ಕ್ಯಾಮೆರಾ ಪರೀಕ್ಷೆ, ಆಮೇಲೆ ಟಿವಿ ಕೋಡ್. ತಂದೆ ಕೇಳುವುದು ಸ್ಟಿಕ್ಕಿಗೆ ಜೋಡಿಸಿದ ಬ್ಲೂಟೂತ್ ಸ್ಪೀಕರಿನಲ್ಲೋ ಹೆಡ್‌ಫೋನಿನಲ್ಲೋ ಆದರೆ ಟಿವಿ ಕೋಡಿನ ಗೋಜಿಗೆ ಹೋಗಬೇಡಿ. ಅಲ್ಲಿ ಸದ್ದು ಟಿವಿಗೆ ಹೋಗುವುದೇ ಇಲ್ಲ.

ಎರಡು ರಿಮೋಟ್ ಕೊಡಬಾರದು ಅಂತ ನೀವು ಯೋಚಿಸಿದ್ದು ಸರಿ. ವಯಸ್ಸಾದವರ ಕೈಗೆ ಒಂದೇ ರಿಮೋಟ್ ಇರಬೇಕು, ಅದರಲ್ಲೇ ಎಲ್ಲ ಆಗಬೇಕು. ಸರಿಯಾದ ಮೇಲೆ ಇನ್ನೊಂದು ಸಣ್ಣ ಕೆಲಸ ಮಾಡಿ. ವಾಲ್ಯೂಮ್ ಏರಿಸುವ ಬಟನ್ನಿನ ಮೇಲೆ ನೈಲ್ ಪಾಲಿಷ್‌ನ ಒಂದೇ ಒಂದು ಹನಿ ಇಡಿ, ಬಟನ್ನಿನ ಅಂಚಿಗೆ ಹರಿಯದ ಹಾಗೆ. ಒಣಗಿದ ಮೇಲೆ ಅದೇ ಜಾಗದಲ್ಲಿ ಇನ್ನೊಂದು ಹನಿ. ಬೆರಳಿಗೆ ತಗಲುವಷ್ಟು ಉಬ್ಬು ಬರುತ್ತದೆ. ಅಮ್ಮನ ರಿಮೋಟಿಗೆ ಹಾಗೇ ಮಾಡಿದ್ದೇನೆ. ಕತ್ತಲಲ್ಲೂ ಹೆಬ್ಬೆರಳು ಸವರಿ ಗುರುತು ಹಿಡಿಯುತ್ತಾರೆ.