ಪತ್ರಾಗಾರದ ಪಟ್ಟಿಗಳಲ್ಲಿ ವ್ಯಕ್ತಿಗಳ, ಕಂಪನಿಗಳ ಕಿರುಪರಿಚಯ ಯಾಕೆ ಇರುತ್ತದೆ?

ಆ ಕಾಗದಪತ್ರ ಯಾರದ್ದು, ಯಾಕೆ ಹುಟ್ಟಿತು ಅಂತ ಓದುಗರಿಗೆ ತಿಳಿಯಲಿ ಅಂತ. ಗ್ರಂಥಾಲಯದಲ್ಲಿ ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸುತ್ತಾರೆ, ಅಲ್ವಾ? ಪತ್ರಾಗಾರದಲ್ಲಿ ಸಾಮಾನ್ಯವಾಗಿ ಹಾಗಲ್ಲ. ಒಬ್ಬರ ಅಥವಾ ಒಂದು ಸಂಸ್ಥೆಯ ಕಡತಗಳನ್ನು ಬೇರೆಯವರದ್ದರ ಜೊತೆ ಬೆರೆಸದೆ ಒಟ್ಟಿಗೇ ಇಡುತ್ತಾರೆ. ಹಾಗಾಗಿ ಆ ವ್ಯಕ್ತಿ ಯಾರು ಅಂತ ಗೊತ್ತಿಲ್ಲದಿದ್ದರೆ ಕಟ್ಟು ಬಿಚ್ಚಿದರೂ ಜಾಸ್ತಿ ಏನೂ ಹೊಳೆಯುವುದಿಲ್ಲ.

ವ್ಯಕ್ತಿಯಾದರೆ ಪೂರ್ತಿ ಹೆಸರು, ಹುಟ್ಟಿದ ಮತ್ತು ತೀರಿಕೊಂಡ ವರ್ಷ, ಇದ್ದ ಊರು, ಮಾಡಿದ ಕೆಲಸ ಸಾಕು.

ಕಂಪನಿಯದ್ದೇ ತಲೆನೋವು. ಹೆಸರು ಬದಲಾಗುತ್ತದೆ, ಪಾಲುದಾರರು ಬೇರೆಯಾಗುತ್ತಾರೆ, ಇನ್ನೊಂದು ಕಂಪನಿ ಕೊಂಡುಕೊಳ್ಳುತ್ತದೆ. ಹಳೆಯ ಲೆಕ್ಕಪುಸ್ತಕದಲ್ಲಿ ಇರುವುದು ಹಳೆಯ ಹೆಸರೇ. ಅದಕ್ಕೇ ಪ್ರತಿ ಹೆಸರೂ ಯಾವ ವರ್ಷದಿಂದ ಯಾವ ವರ್ಷದವರೆಗೆ ಇತ್ತು ಅಂತ ಬರೆಯಲೇಬೇಕು. ‘ದೂರದೃಷ್ಟಿಯ ಸ್ಥಾಪಕರು’ ಅಂತ ಹೊಗಳುವುದು ಸುಮ್ನೆ ಜಾಗ ದಂಡ.

ಒಬ್ಬರ ಪತ್ರಗಳು ನಾಲ್ಕು ಕಡೆ ಹಂಚಿಹೋಗಿರುವುದೂ ಉಂಟು. ಆಗ ಪರಿಚಯವನ್ನು ಪ್ರತ್ಯೇಕ ದಾಖಲೆಯಾಗಿ ಇಟ್ಟು ಎಲ್ಲ ಸಂಗ್ರಹಗಳಿಗೂ ಕೊಂಡಿ ಹಾಕುತ್ತಾರೆ. ಇದಕ್ಕಾಗಿ ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿ 1996ರಲ್ಲಿ ಒಂದು ಮಾನದಂಡ ತಂದಿತು. 2004ರಲ್ಲಿ ಅದರ ಎರಡನೇ ಆವೃತ್ತಿ ಬಂತು.